ಸಿನಿಮಾ, ಟಿವಿ ಮತ್ತು ಗಣಿತ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಸಿನಿಮಾ ನೋಡುವ ಹುಚ್ಚೂ ಜಾಸ್ತಿ. ಎರಡೂ ಗೊತ್ತಿರುವವರು ಸಿಕ್ಕರೆ ಜನ ಬಿಡುವುದಿಲ್ಲ. ಕ್ಲಾಸ್ ಮುಗಿದ ಮೇಲೆ ಮಕ್ಕಳು, ಪೇರೆಂಟ್ಸ್ ಮೀಟಿಂಗ್‌ನಲ್ಲಿ ಅಪ್ಪ ಅಮ್ಮಂದಿರು, ಮದುವೆ ಮನೆಯಲ್ಲಿ ನೆಂಟರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಆಳದ್ದು ಆಮೇಲೆ. ಕೆಲವು ಕಡೆ ಪೆನ್ನು, ಕಾಗದ ಬೇಕಾಗುತ್ತದೆ.

## ಶುರುವಿನ ಪ್ರಶ್ನೆಗಳು

ಸಿನಿಮಾದಲ್ಲಿ ಬೋರ್ಡ್ ತುಂಬಾ ಲೆಕ್ಕ ಬರೆದಿರ್ತಾರಲ್ಲ, ಅದು ನಿಜಾನಾ ಇಲ್ಲ ಸುಮ್ನೆ ಗೀಚಿರ್ತಾರಾ?

ಎರಡೂ ಉಂಟು. ಬೋರ್ಡು ಬರೀ ಹಿನ್ನೆಲೆಯಾಗಿದ್ದರೆ ಕಲಾ ವಿಭಾಗದವರು ಯಾವುದೋ ಪುಸ್ತಕ ನೋಡಿ ಬರೆದುಬಿಡುತ್ತಾರೆ. ಕಥೆಯೇ ಗಣಿತದ ಮೇಲೆ ನಿಂತಿದ್ದರೆ ಗಣಿತಜ್ಞರನ್ನು ಕರೆಸುತ್ತಾರೆ. 2001ರ 'ಎ ಬ್ಯೂಟಿಫುಲ್ ಮೈಂಡ್'ಗೆ ಡೇವ್ ಬೇಯರ್ ಎಂಬ ಗಣಿತಜ್ಞರು ಸಲಹೆಗಾರರಾಗಿದ್ದರು. ಚಿತ್ರದಲ್ಲಿ ಕಥಾನಾಯಕ, ಗಣಿತಜ್ಞ ಜಾನ್ ನ್ಯಾಶ್ ಬರೆಯುವಾಗ ಹತ್ತಿರದಿಂದ ಕಾಣುವ ಕೈ ನಟ ರಸೆಲ್ ಕ್ರೋ ಅವರದ್ದಲ್ಲ, ಬೇಯರ್ ಅವರದ್ದು. ದಿನಾ ಚಾಕ್‌ಪೀಸ್ ಹಿಡಿಯುವವರ ಕೈ ಓಡುವ ರೀತಿಯೇ ಬೇರೆ, ಅದನ್ನು ನಟನೆಯಲ್ಲಿ ತರುವುದು ಕಷ್ಟ.

ನನಗೆ ತುಂಬಾ ಇಷ್ಟವಾದದ್ದು 1980ರ 'ಇಟ್ಸ್ ಮೈ ಟರ್ನ್'. ಶುರುವಿನಲ್ಲೇ ನಾಯಕಿ ತರಗತಿಯಲ್ಲಿ ನಿಂತು ಸ್ನೇಕ್ ಲೆಮ್ಮಾ ಎಂಬ ಪ್ರಮೇಯವನ್ನು ಸಾಧಿಸುತ್ತಾಳೆ. ಎಂಎಸ್ಸಿ ಮಟ್ಟದ ಬೀಜಗಣಿತ ಅದು. ಸಾಧನೆ (ಪ್ರೂಫ್) ಸರಿಯಾಗಿಯೇ ಇದೆ. ಮಧ್ಯೆ ಮಧ್ಯೆ ಒಬ್ಬ ವಿದ್ಯಾರ್ಥಿ ತಕರಾರು ತೆಗೆಯುತ್ತಾನೆ, ಆಕೆ ಉತ್ತರ ಕೊಟ್ಟು ಮುಂದೆ ಹೋಗುತ್ತಾಳೆ. ಪಾಠ ಅಂದರೆ ನಿಜವಾಗಿ ಹಾಗೇ ಇರುತ್ತದೆ.

ಶಕುಂತಲಾ ದೇವಿ ನಮ್ಮ ಬೆಂಗಳೂರಿನವರೇ ಅಲ್ವಾ? ಅವರು ಗಣಿತಜ್ಞೆ ಅಂತ ಹೇಳಬಹುದಾ?

ಹೌದು, ನಮ್ಮೂರಿನವರೇ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, 2013ರಲ್ಲಿ ಇಲ್ಲಿಯೇ ತೀರಿಕೊಂಡರು. ತಂದೆ ಸರ್ಕಸ್‌ನಲ್ಲಿದ್ದವರು. ವಿದ್ಯಾ ಬಾಲನ್ ನಟಿಸಿದ ಸಿನಿಮಾ ಬಂದದ್ದು 2020ರಲ್ಲಿ.

ಗಣಿತಜ್ಞೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಅವರದ್ದು ಎಣಿಕೆಯ ಪ್ರತಿಭೆ. ಗಣಿತಜ್ಞರ ಕೆಲಸ ಹೊಸ ಪ್ರಮೇಯ ಹುಡುಕಿ ಸಾಧಿಸುವುದು. ಎರಡೂ ಬೇರೆ ಬೇರೆ, ಒಂದು ಮೇಲು ಒಂದು ಕೀಳು ಅಂತಲ್ಲ. ಎಷ್ಟೋ ಗಣಿತಜ್ಞರು ಬಾಯಿಲೆಕ್ಕದಲ್ಲಿ ತೀರಾ ನಿಧಾನ.

1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರಿಗೆ ಎರಡು ಸಂಖ್ಯೆ ಕೊಟ್ಟರು: 7686369774870 ಮತ್ತು 2465099745779. ಗುಣಲಬ್ಧ 18947668177995426462773730 ಎಂದು 28 ಸೆಕೆಂಡಿನಲ್ಲಿ ಹೇಳಿದರು.

ಇದನ್ನು ನೀವೇ ಒಂದು ಮಟ್ಟಿಗೆ ಪರೀಕ್ಷಿಸಬಹುದು. ಅಂಕಿಗಳನ್ನೆಲ್ಲ ಕೂಡುತ್ತಾ ಒಂದೇ ಅಂಕಿ ಉಳಿಯುವ ತನಕ ಹೋಗಿ. ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78, ಅದು 15, ಅದು 6. ಎರಡನೆಯದು 74, 11, 2. ಆರೆರಡ್ಲ ಹನ್ನೆರಡು, ಅಂದರೆ 3. ಇನ್ನು ಉತ್ತರದ ಅಂಕಿಗಳು: 138, 12, 3. ತಾಳೆಯಾಯಿತು. ಇಷ್ಟಕ್ಕೇ ಉತ್ತರ ಸರಿ ಎಂದು ಸಾಬೀತಾಗುವುದಿಲ್ಲ, ತಾಳೆಯಾಗದಿದ್ದರೆ ಮಾತ್ರ ತಪ್ಪು ಎಂದು ಖಂಡಿತ ಗೊತ್ತಾಗುತ್ತದೆ. ಈ ಪರೀಕ್ಷೆ ಯಾಕೆ ಕೆಲಸ ಮಾಡುತ್ತದೆ ಎಂದು ಯೋಚಿಸಲು ಶುರು ಮಾಡಿದರೆ ಅಲ್ಲಿಂದಾಚೆಗೆ ಗಣಿತ.

'ಗುಡ್ ವಿಲ್ ಹಂಟಿಂಗ್'ನಲ್ಲಿ ಕಸ ಗುಡಿಸೋ ಹುಡುಗ ಬಿಡಿಸೋ ಲೆಕ್ಕ ಅಷ್ಟೊಂದು ಕಷ್ಟಾನಾ?

ಇಲ್ಲ. ಈ ಪ್ರಶ್ನೆಗೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಇದನ್ನು ನೀವೇ ಬಿಡಿಸಬಹುದು.

1997ರ ಆ ಚಿತ್ರದಲ್ಲಿ ಎಂಐಟಿಯ ಕಾರಿಡಾರಿನ ಬೋರ್ಡಿನ ಮೇಲೆ ಪ್ರೊಫೆಸರ್ ಒಂದು ಸಮಸ್ಯೆ ಹಾಕುತ್ತಾರೆ. ತಾವು ಅದನ್ನು ಸಾಧಿಸಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು ಅನ್ನುತ್ತಾರೆ. ಹೆಸರು ಭಯಂಕರವಾಗಿದೆ, ವಿಷಯ ಹೀಗಿದೆ: ಹತ್ತು ಚುಕ್ಕಿ ಇಡಿ. ಗೆರೆ ಎಳೆದು ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ. ಎಲ್ಲೂ ಸುತ್ತು ಆಗಬಾರದು. ಯಾವ ಚುಕ್ಕಿಗೂ ಸರಿಯಾಗಿ ಎರಡೇ ಗೆರೆ ಇರಬಾರದು. ಒಂದು ಇರಲಿ, ಮೂರೋ ಅದಕ್ಕಿಂತ ಹೆಚ್ಚೋ ಇರಲಿ. ಇಂಥ ಚಿತ್ರಗಳು ಎಷ್ಟಿವೆ, ಎಲ್ಲಾ ಬರೆಯಿರಿ.

ಒಂದೇ ಗೆರೆ ಇರುವ ಚುಕ್ಕಿಯನ್ನು ತುದಿ ಅನ್ನೋಣ, ಮೂರೋ ಹೆಚ್ಚೋ ಇರುವುದನ್ನು ಗಂಟು ಅನ್ನೋಣ. ಗಂಟುಗಳ ಲೆಕ್ಕದಲ್ಲಿ ಹೋಗಿ.

ಒಂದೇ ಗಂಟು ಇದ್ದರೆ, ನಡುವೆ ಅದು, ಸುತ್ತ ಒಂಬತ್ತು ತುದಿ. ಒಂದು ಚಿತ್ರ.

ಎರಡು ಗಂಟು ಇದ್ದರೆ ಎಂಟು ತುದಿ ಉಳಿಯುತ್ತವೆ. ಪ್ರತಿ ಗಂಟಿಗೂ ಕನಿಷ್ಠ ಎರಡು ತುದಿ ಬೇಕು. 2 ಮತ್ತು 6, 3 ಮತ್ತು 5, 4 ಮತ್ತು 4. ಮೂರು ಚಿತ್ರ.

ಮೂರು ಗಂಟು ಸಾಲಾಗಿದ್ದರೆ ಏಳು ತುದಿ. ಅಂಚಿನ ಗಂಟುಗಳಿಗೆ ಎರಡೆರಡಾದರೂ, ನಡುವಿನದಕ್ಕೆ ಒಂದಾದರೂ ಬೇಕು. 2-3-2, 2-2-3, 2-1-4, 3-1-3. ನಾಲ್ಕು ಚಿತ್ರ.

ನಾಲ್ಕು ಗಂಟು ಇದ್ದರೆ ಆರು ತುದಿ. ಸಾಲಾಗಿಟ್ಟರೆ ಒಂದು, ಒಂದನ್ನು ನಡುವೆ ಇಟ್ಟು ಮೂರನ್ನು ಸುತ್ತ ಇಟ್ಟರೆ ಇನ್ನೊಂದು. ಎರಡು ಚಿತ್ರ.

ಐದು ಗಂಟಿಗೆ ತುದಿ ಸಾಲುವುದಿಲ್ಲ. ಒಟ್ಟು ಹತ್ತು. ಮುಗಿಯಿತು. ಹತ್ತನೇ ಕ್ಲಾಸಿನ ಮಗು ಒಂದು ಸಂಜೆ ಕೂತರೆ ಮಾಡಬಹುದು. ಬೋರ್ಡಿನ ಮೇಲಿದ್ದದ್ದು ನಿಜವಾದ ಗಣಿತ, ಅದರ ಸುತ್ತ ಕಟ್ಟಿದ ಭಯ ಮಾತ್ರ ಕಥೆ. ನನಗೆ ಬೇಸರ ತರಿಸುವುದು ಈ ಭಯವೇ. ನೋಡುತ್ತಿರುವ ಮಗು 'ಇದು ನನಗಲ್ಲ' ಎಂದುಕೊಂಡು ಪೆನ್ನು ಕೆಳಗಿಟ್ಟುಬಿಡುತ್ತದೆ.

ಮಗಳು ಏಳನೇ ಕ್ಲಾಸು. ಮ್ಯಾಥ್ಸ್ ಅಂದ್ರೆ ಅಳ್ತಾಳೆ. ಯಾವ ಸಿನಿಮಾ ತೋರಿಸ್ಲಿ ಸರ್?

'ಹಿಡನ್ ಫಿಗರ್ಸ್' ತೋರಿಸಿ, ನಾಸಾದಲ್ಲಿ ಲೆಕ್ಕ ಹಾಕುತ್ತಿದ್ದ ಹೆಂಗಸರ ಕಥೆ ಅದು. ನೀವೂ ಜೊತೆಗೆ ಕೂತು ನೋಡಿ. 'ಗುಡ್ ವಿಲ್ ಹಂಟಿಂಗ್'ನಲ್ಲಿ ಬೈಗುಳ ಜಾಸ್ತಿ, 'ಪೈ' ಎಂಬ 1998ರ ಚಿತ್ರ ಮಕ್ಕಳಿಗೆ ಹೆದರಿಕೆ ತರಿಸುತ್ತದೆ. ಎರಡೂ ಬೇಡ.

ಇನ್ನೊಂದು ದಾರಿ ಇದೆ. 1995ರ 'ಡೈ ಹಾರ್ಡ್ ವಿತ್ ಎ ವೆಂಜನ್ಸ್'ನಲ್ಲಿ ಕಾರಂಜಿಯ ಪಕ್ಕ ಒಂದು ದೃಶ್ಯ ಬರುತ್ತದೆ. ಒಂದು ಕ್ಯಾನು 3 ಗ್ಯಾಲನ್, ಇನ್ನೊಂದು 5 ಗ್ಯಾಲನ್, ಸರಿಯಾಗಿ 4 ಗ್ಯಾಲನ್ ನೀರು ಅಳೆಯಬೇಕು, ಇಲ್ಲದಿದ್ದರೆ ಬಾಂಬು ಸಿಡಿಯುತ್ತದೆ. ಪೂರ್ತಿ ಸಿನಿಮಾ ಬೇಡ. ಬಚ್ಚಲುಮನೆಯಲ್ಲಿ ಎರಡು ಪಾತ್ರೆ ಕೊಟ್ಟು ಅವಳಿಗೇ ಬಿಡಿ. ಐದರದ್ದು ತುಂಬಿ ಮೂರರದ್ದಕ್ಕೆ ಸುರಿದರೆ ಎರಡು ಉಳಿಯುತ್ತದೆ. ಮೂರರದ್ದನ್ನು ಖಾಲಿ ಮಾಡಿ ಆ ಎರಡನ್ನು ಅದಕ್ಕೆ ಹಾಕಿ. ಐದನ್ನು ಮತ್ತೆ ತುಂಬಿ, ಮೂರರದ್ದು ತುಂಬುವ ತನಕ ಸುರಿಯಿರಿ. ಐದರದ್ದರಲ್ಲಿ ಉಳಿಯುವುದು ನಾಲ್ಕು. ಆದರೆ ಇದನ್ನು ನೀವು ಮೊದಲೇ ಹೇಳಬೇಡಿ. ಆ ನೀರು ಗಿಡಕ್ಕೆ ಹಾಕಿದರಾಯಿತು.

## ನಿಜ ಜೀವನ, ಸಿನಿಮಾ ಕಥೆ

ರಾಮಾನುಜನ್ ಸಿನಿಮಾದಲ್ಲಿ ಎಷ್ಟು ನಿಜ, ಎಷ್ಟು ಕಲ್ಪನೆ?

2015ರ 'ದ ಮ್ಯಾನ್ ಹೂ ನ್ಯೂ ಇನ್ಫಿನಿಟಿ' ಬಗ್ಗೆ ಕೇಳುತ್ತಿದ್ದೀರಿ ಅಂದುಕೊಳ್ಳುತ್ತೇನೆ. ಗಣಿತದ ವಿಷಯದಲ್ಲಿ ಅದು ಪ್ರಾಮಾಣಿಕ ಚಿತ್ರ. ಕೆನ್ ಓನೊ ಮತ್ತು ಮಂಜುಳ್ ಭಾರ್ಗವ ಸಲಹೆ ಕೊಟ್ಟವರು, ಇಬ್ಬರೂ ಸಂಖ್ಯಾ ಸಿದ್ಧಾಂತದಲ್ಲಿ (ನಂಬರ್ ಥಿಯರಿ) ದೊಡ್ಡ ಹೆಸರು.

ಬದಲಾಯಿಸಿದ್ದು ಸಂಸಾರದ ಕಡೆ. 1909ರಲ್ಲಿ ಮದುವೆಯಾದಾಗ ಜಾನಕಿಯವರಿಗೆ ಸುಮಾರು ಹತ್ತು ವರ್ಷ. ಚಿತ್ರದಲ್ಲಿ ಆಕೆ ಬೆಳೆದ ಹೆಂಗಸು, ಅದರಿಂದ ಪ್ರೇಮಕಥೆಗೆ ಜಾಗ ಸಿಕ್ಕಿತು. ರಾಮಾನುಜನ್ ಗುಂಡಗಿದ್ದವರು, ಆ ಪಾತ್ರ ಮಾಡಿದ ದೇವ್ ಪಟೇಲ್ ಸಣಕಲು.

1729ರ ಕಥೆ ನಿಜ. ಆಸ್ಪತ್ರೆಗೆ ನೋಡಲು ಬಂದ ಕೇಂಬ್ರಿಡ್ಜಿನ ಗಣಿತಜ್ಞ ಹಾರ್ಡಿ, ತಾವು ಬಂದ ಟ್ಯಾಕ್ಸಿ ನಂಬರಿನಲ್ಲಿ ಅಂಥ ವಿಶೇಷವೇನಿಲ್ಲ ಅಂದರು. ಇಲ್ಲ, ಎರಡು ಘನಗಳ ಮೊತ್ತವಾಗಿ ಎರಡು ರೀತಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು ಅಂದರು ರಾಮಾನುಜನ್. ಒಂದರ ಘನ ಮತ್ತು ಹನ್ನೆರಡರ ಘನ ಕೂಡಿದರೆ 1729, ಒಂಬತ್ತರ ಘನ ಮತ್ತು ಹತ್ತರ ಘನ ಕೂಡಿದರೂ 1729. ಇದು ಎಲ್ಲರಿಗೂ ನೆನಪಿರುವ ಕಥೆ. ಆದರೆ ಚಿತ್ರದ ಜೀವ ಬೇರೆ ಕಡೆ ಇದೆ.

ಒಂದು ಸಂಖ್ಯೆಯನ್ನು ಎಷ್ಟು ರೀತಿ ಒಡೆದು ಕೂಡಬಹುದು ಎಂಬ ಪ್ರಶ್ನೆ ತಗೊಳ್ಳಿ. ನಾಲ್ಕಕ್ಕೆ ಐದು ರೀತಿ: 4, 3+1, 2+2, 2+1+1, 1+1+1+1. ಇನ್ನೂರಕ್ಕೆ? ಮೇಜರ್ ಮೆಕ್‌ಮಹನ್ ಕೈಯಲ್ಲೇ ಲೆಕ್ಕ ಹಾಕಿದ್ದರು: 39,72,99,90,29,388. ರಾಮಾನುಜನ್ ಮತ್ತು ಹಾರ್ಡಿ ಕಂಡುಹಿಡಿದ ಸೂತ್ರ ಈ ಉತ್ತರಕ್ಕೆ ತಾಳೆಯಾಯಿತು. ಚಿತ್ರದ ಒಳ್ಳೆಯ ದೃಶ್ಯಗಳೆಲ್ಲ ಈ ಇಬ್ಬರ ಜಗಳದ್ದು. ಒಬ್ಬರು ಉತ್ತರ ಕಾಣುತ್ತಿದೆ ಅನ್ನುತ್ತಾರೆ, ಇನ್ನೊಬ್ಬರು ಸಾಧಿಸು ಅನ್ನುತ್ತಾರೆ. ಅವಿಭಾಜ್ಯ ಸಂಖ್ಯೆಗಳ ಬಗ್ಗೆ ರಾಮಾನುಜನ್ ಕಂಡ ಕೆಲವು ಉತ್ತರಗಳು ನಿಜಕ್ಕೂ ತಪ್ಪಾಗಿದ್ದವು. ಸಾಧನೆ ಯಾಕೆ ಬೇಕು ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಚಿತ್ರ ನನಗೆ ಬೇರೆ ಕಂಡಿಲ್ಲ.

'ಎ ಬ್ಯೂಟಿಫುಲ್ ಮೈಂಡ್'ನ ಬಾರ್ ದೃಶ್ಯ ನೋಡಿ ನ್ಯಾಶ್ ಥಿಯರಿ ಅರ್ಥ ಆಯ್ತು ಅಂದ್ಕೊಂಡೆ. ಅದು ಸರಿನಾ?

ಸರಿಯಿಲ್ಲ. ದೃಶ್ಯ ಹೀಗಿದೆ: ನಾಲ್ಕೈದು ಹುಡುಗರು, ಎಲ್ಲರ ಕಣ್ಣೂ ಒಬ್ಬ ಹುಡುಗಿಯ ಮೇಲೆ. ಎಲ್ಲರೂ ಅವಳ ಹಿಂದೆ ಬಿದ್ದರೆ ಯಾರಿಗೂ ಸಿಗುವುದಿಲ್ಲ, ಹಾಗಾಗಿ ಅವಳನ್ನು ಬಿಟ್ಟು ಅವಳ ಗೆಳತಿಯರ ಜೊತೆ ಮಾತಾಡೋಣ ಅನ್ನುತ್ತಾನೆ ನ್ಯಾಶ್.

ನ್ಯಾಶ್ ಸಮತೋಲ ಅಂದರೆ, ಬೇರೆಯವರು ಇದ್ದ ಹಾಗೇ ಇದ್ದಾಗ ಯಾರೊಬ್ಬರಿಗೂ ತಾನು ಮಾತ್ರ ಬದಲಾಗಿ ಲಾಭವಾಗದಂಥ ಸ್ಥಿತಿ. ಇಲ್ಲಿ ಎಲ್ಲರೂ ಗೆಳತಿಯರ ಕಡೆ ಹೋದರೆ, ಒಬ್ಬನು ಮೆಲ್ಲಗೆ ತಿರುಗಿ ಆ ಹುಡುಗಿಯ ಕಡೆ ಹೋದರೆ ಅವನಿಗೆ ಲಾಭ. ಅಂದಮೇಲೆ ಅದು ಸಮತೋಲ ಅಲ್ಲ.

ನಿಜವಾದ ಸಮತೋಲ ನೋಡಬೇಕಾದರೆ ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ಕಡೆ ಹೊರಡಿ. ದೊಡ್ಡ ರಸ್ತೆ ತುಂಬಿತು ಅಂತ ಕೆಲವರು ಒಳರಸ್ತೆಗೆ ನುಗ್ಗುತ್ತಾರೆ. ಎರಡರಲ್ಲೂ ಒಂದೇ ಹೊತ್ತು ಹಿಡಿಯುವ ತನಕ ಜನ ಬದಲಾಗುತ್ತಲೇ ಇರುತ್ತಾರೆ. ಆಮೇಲೆ ಯಾರು ದಾರಿ ಬದಲಾಯಿಸಿದರೂ ಲಾಭವಿಲ್ಲ. ಎಲ್ಲರಿಗೂ ಕಷ್ಟವೇ, ಆದರೂ ಅದು ಸಮತೋಲ. ನ್ಯಾಶ್ ಹೇಳಿದ್ದರ ತಿರುಳು ಇದು: ಸಮತೋಲ ಅಂದರೆ ಎಲ್ಲರಿಗೂ ಒಳ್ಳೆಯದಾಗಲೇಬೇಕು ಅಂತಿಲ್ಲ. ಸಿನಿಮಾ ತೋರಿಸಿದ್ದು ಇದಕ್ಕೆ ತದ್ವಿರುದ್ಧ.

ಗಣಿತಜ್ಞರನ್ನ ಯಾವಾಗ್ಲೂ ಅರೆಹುಚ್ಚರ ಥರಾನೇ ಯಾಕೆ ತೋರಿಸ್ತಾರೆ?

ಗಣಿತದ ಕೆಲಸ ಹೊರಗಿನಿಂದ ಕಾಣುವುದಿಲ್ಲ. ಒಬ್ಬರು ಕೂತು ಯೋಚಿಸುತ್ತಿರುತ್ತಾರೆ, ಅಷ್ಟೇ. ಕ್ಯಾಮೆರಾಗೆ ಅದು ಸಾಲದು. ಹಾಗಾಗಿ ಒಳಗಿನದನ್ನು ಹೊರಗೆ ತರುತ್ತಾರೆ: ಕಿಟಕಿ ಗಾಜಿನ ಮೇಲೆ ಬರೆಯುವುದು, ಗಾಳಿಯಲ್ಲಿ ಅಂಕಿ ತೇಲುವುದು, ಕಿರುಚಾಟ, ಕಾಯಿಲೆ. ನ್ಯಾಶ್ ಅವರಿಗೆ ಕಾಯಿಲೆ ಇದ್ದದ್ದು ನಿಜ. ಆದರೆ ಅವರಿಗೆ ಧ್ವನಿಗಳು ಕೇಳಿಸುತ್ತಿದ್ದವು. ಸಿನಿಮಾದಲ್ಲಿ ಇಲ್ಲದ ಮನುಷ್ಯರೇ ಕಾಣುತ್ತಾರೆ. ಅವರ ಗಣಿತ ಕಾಯಿಲೆಯಿಂದ ಬಂದದ್ದಲ್ಲ. ನೊಬೆಲ್ ತಂದುಕೊಟ್ಟ ಕೆಲಸ 1950ರ ಸುಮಾರಿನದು, ಕಾಯಿಲೆ ಕಾಣಿಸಿಕೊಂಡದ್ದು ಆ ದಶಕದ ಕೊನೆಗೆ.

ಹುಚ್ಚಿಲ್ಲದೆಯೂ ತೋರಿಸಬಹುದು. ಫರ್ಮಾನ ಕೊನೆಯ ಪ್ರಮೇಯವನ್ನು ಸಾಧಿಸಿದ ಆಂಡ್ರ್ಯೂ ವೈಲ್ಸ್ ಬಗ್ಗೆ ಸೈಮನ್ ಸಿಂಗ್ ಬಿಬಿಸಿಗಾಗಿ ಮಾಡಿದ 1996ರ ಸಾಕ್ಷ್ಯಚಿತ್ರ ನೋಡಿ. ವೈಲ್ಸ್ ಏಳು ವರ್ಷ ಗುಟ್ಟಾಗಿ ಕೆಲಸ ಮಾಡಿದರು. 1993ರ ಜೂನ್‌ನಲ್ಲಿ ಪ್ರಕಟಿಸಿದರು. ಆಮೇಲೆ ಸಾಧನೆಯಲ್ಲಿ ಒಂದು ಬಿರುಕು ಸಿಕ್ಕಿತು. 1994ರ ಸೆಪ್ಟೆಂಬರ್‌ನಲ್ಲಿ ಅದನ್ನು ಮುಚ್ಚುವ ದಾರಿ ಹೊಳೆಯಿತು. ಆ ಬೆಳಗಿನ ಬಗ್ಗೆ ಹೇಳುವಾಗ ಅವರ ಗಂಟಲು ಕಟ್ಟುತ್ತದೆ, ಮಾತು ನಿಂತುಹೋಗುತ್ತದೆ. ಗಣಿತದ ಮೇಲಿನ ಪ್ರೀತಿ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈ ದೃಶ್ಯವನ್ನೇ ತೋರಿಸುವುದು.

ಇಂಥ ಸಿನಿಮಾಗಳು ಜಾಸ್ತಿ ಸುಳ್ಳು ಹೇಳೋದು ಯಾವುದರ ಬಗ್ಗೆ?

ಹೊತ್ತಿನ ಬಗ್ಗೆ. 'ಹಿಡನ್ ಫಿಗರ್ಸ್'ನಲ್ಲಿ ಗಗನಯಾತ್ರಿ ಜಾನ್ ಗ್ಲೆನ್ ಅವರ 1962ರ ಹಾರಾಟಕ್ಕೆ ಮುಂಚೆ ಕ್ಯಾಥರಿನ್ ಜಾನ್ಸನ್ ಕೊನೇ ಗಳಿಗೆಯಲ್ಲಿ ಗಡಿಬಿಡಿಯಿಂದ ಲೆಕ್ಕ ತಾಳೆ ನೋಡುತ್ತಾರೆ. ನಿಜದಲ್ಲಿ ಅವರು ಒಂದೂವರೆ ದಿನ ಕೂತು ಆ ಕೆಲಸ ಮಾಡಿದ್ದರು. ನನ್ನ ಮಟ್ಟಿಗೆ ಒಂದೂವರೆ ದಿನವೇ ದೊಡ್ಡ ಕಥೆ.

1988ರ 'ಸ್ಟ್ಯಾಂಡ್ ಅಂಡ್ ಡೆಲಿವರ್' ಕೂಡ ಹಾಗೇ. ಲಾಸ್ ಏಂಜಲೀಸಿನ ಬಡ ಬಡಾವಣೆಯ ಶಾಲೆಯಲ್ಲಿ ಹೈಮೆ ಎಸ್ಕಲಾಂಟೆ ಎಂಬ ಮೇಷ್ಟ್ರು ಮಕ್ಕಳಿಗೆ ಕ್ಯಾಲ್ಕುಲಸ್ ಕಲಿಸಿ 1982ರ ಪರೀಕ್ಷೆಯಲ್ಲಿ 18 ಜನರನ್ನು ಪಾಸು ಮಾಡಿಸಿದರು. ಸಿನಿಮಾ ನೋಡಿದರೆ ಒಂದೆರಡು ವರ್ಷದಲ್ಲಿ ಆದ ಪವಾಡ ಅನ್ನಿಸುತ್ತದೆ. ಅವರು ಆ ಶಾಲೆ ಸೇರಿದ್ದು 1974ರಲ್ಲಿ. ಬುನಾದಿ ಹಾಕಲು ವರ್ಷಗಳೇ ಹಿಡಿದವು. ಇದನ್ನು ನಮ್ಮ ಕೋಚಿಂಗ್ ಸೆಂಟರಿಗೆ ಮಕ್ಕಳನ್ನು ಸೇರಿಸುವ ಪೋಷಕರಿಗೆಲ್ಲ ಹೇಳುತ್ತಲೇ ಇರುತ್ತೇನೆ.

ಹೊತ್ತಿನ ಜೊತೆಗೆ ಜನರನ್ನೂ ಕಳೆಯುತ್ತಾರೆ. 'ದಿ ಇಮಿಟೇಶನ್ ಗೇಮ್' ನೋಡಿದವರಿಗೆ, ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಬಳಸಿದ ಎನಿಗ್ಮಾ ಸಂಕೇತವನ್ನು ಗಣಿತಜ್ಞ ಅಲನ್ ಟ್ಯೂರಿಂಗ್ ಬಹುತೇಕ ಒಬ್ಬರೇ ಒಡೆದರು ಅನ್ನಿಸುತ್ತದೆ. ಪೋಲೆಂಡಿನ ಮರಿಯನ್ ರೆಯೆವ್ಸ್ಕಿ 1932ರಲ್ಲೇ ಎನಿಗ್ಮಾ ಒಳಗೆ ಹೊಕ್ಕಿದ್ದರು. ಯುದ್ಧ ಶುರುವಾಗುವ ಮುಂಚೆ ಪೋಲೆಂಡಿನವರು ತಮಗೆ ಗೊತ್ತಿದ್ದದ್ದನ್ನೆಲ್ಲ ಬ್ರಿಟಿಷರಿಗೆ ಕೊಟ್ಟರು. ಸಂಕೇತ ಒಡೆಯಲು ಟ್ಯೂರಿಂಗ್ ರೂಪಿಸಿದ ಯಂತ್ರವನ್ನು ಸುಧಾರಿಸಿದ ಗಾರ್ಡನ್ ವೆಲ್ಚ್‌ಮನ್ ಚಿತ್ರದಲ್ಲಿ ಇಲ್ಲವೇ ಇಲ್ಲ.

ಕನ್ನಡದಲ್ಲಿ ಗಣಿತದ ಸಿನಿಮಾ ಮಾಡೋಕೆ ಆಗಲ್ವಾ?

ಯಾಕಾಗುವುದಿಲ್ಲ? 1995ರಲ್ಲಿ ಸುನೀಲ್ ಕುಮಾರ್ ದೇಸಾಯಿ 'ಬೆಳದಿಂಗಳ ಬಾಲೆ' ಮಾಡಿದರು. ಅನಂತ್ ನಾಗ್ ಚೆಸ್ ಆಟಗಾರ, ನಾಯಕಿ ಬರೀ ಫೋನಿನ ಧ್ವನಿ. ಅವಳು ಯಾರು ಎಂದು ಅವನೇ ಪತ್ತೆ ಮಾಡಬೇಕು. ತಲೆ ಓಡಿಸುವುದನ್ನೇ ಕಥೆಯಾಗಿಸಿದರೆ ಕನ್ನಡದ ಪ್ರೇಕ್ಷಕರು ಕೂತು ನೋಡುತ್ತಾರೆ ಎಂಬುದಕ್ಕೆ ಅದು ಸಾಕ್ಷಿ.

ವಸ್ತುವಿಗೂ ಬರವಿಲ್ಲ. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದರು. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ಸಂತೆ, ಬಡ್ಡಿ, ಅಳತೆ ಎಲ್ಲವನ್ನೂ ಪದ್ಯದಲ್ಲಿ ಲೆಕ್ಕವಾಗಿಸಿದ ಮನುಷ್ಯನ ಸುತ್ತ ಒಂದು ಕಥೆ ಕಟ್ಟಬಹುದು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಯಾರಾದರೂ ಮುಂದೆ ಬಂದರೆ ಬೋರ್ಡ್ ಬರೆಯಲು ನಾನು ಸಿದ್ಧ.

## ಟಿವಿ ಮುಂದೆ ಕೂತಾಗ

'ನಂಬರ್ಸ್' ಸೀರಿಯಲ್‌ನಲ್ಲಿ ಲೆಕ್ಕ ಹಾಕಿ ಕಳ್ಳರನ್ನ ಹಿಡೀತಾರಲ್ಲ, ನಿಜವಾಗ್ಲೂ ಆಗತ್ತಾ?

ಕೆಲವು ಆಗುತ್ತವೆ. 2005ರಿಂದ 2010ರವರೆಗೆ ಬಂದ ಆ ಅಮೆರಿಕನ್ ಸರಣಿಗೆ ಕ್ಯಾಲ್ಟೆಕ್‌ನ ಗ್ಯಾರಿ ಲಾರ್ಡನ್ ಸಲಹೆಗಾರರು. ಮೊದಲ ಕಂತಿನ ವಿಧಾನ ಕೆನಡಾದ ಪೊಲೀಸ್ ಅಧಿಕಾರಿಯಾಗಿದ್ದ ಕಿಮ್ ರಾಸ್ಮೊ ಅವರದು. ಅಪರಾಧ ನಡೆದ ಜಾಗಗಳನ್ನು ಗುರುತು ಹಾಕಿ ಅಪರಾಧಿಯ ಮನೆ ಯಾವ ಕಡೆ ಇರಬಹುದು ಎಂದು ಅಂದಾಜು ಮಾಡುವುದು. ಅದು ಹುಡುಕುವ ಜಾಗವನ್ನು ಚಿಕ್ಕದು ಮಾಡುತ್ತದೆ, ಮನೆ ನಂಬರ್ ಹೇಳುವುದಿಲ್ಲ. ನಲವತ್ತು ನಿಮಿಷದಲ್ಲಿ ಕೇಸು ಮುಗಿಯುವುದು ಟಿವಿಯಲ್ಲಿ ಮಾತ್ರ.

ಕೋಟ್ಯಾಧಿಪತಿಯಲ್ಲಿ ಫಿಫ್ಟಿ-ಫಿಫ್ಟಿ ತಗೊಂಡ ಮೇಲೆ ಉತ್ತರ ಬದಲಾಯಿಸಿದ್ರೆ ಒಳ್ಳೇದು ಅಂತಾರೆ. ಹೌದಾ?

ತುಂಬಾ ಒಳ್ಳೆಯ ಪ್ರಶ್ನೆ. ಇದು 2008ರ '21' ಸಿನಿಮಾದಲ್ಲಿ ಪ್ರೊಫೆಸರ್ ಕೇಳುವ ಮಾಂಟಿ ಹಾಲ್ ಒಗಟಿನಿಂದ ಬಂದ ಗೊಂದಲ.

ಒಗಟು ಇದು: ಮೂರು ಬಾಗಿಲು, ಒಂದರ ಹಿಂದೆ ಕಾರು. ನೀವು ಒಂದನ್ನು ಆರಿಸುತ್ತೀರಿ. ನಿರೂಪಕರಿಗೆ ಕಾರು ಎಲ್ಲಿದೆ ಎಂದು ಗೊತ್ತು. ಅವರು ನಿಮ್ಮದನ್ನು ಬಿಟ್ಟು, ಕಾರಿಲ್ಲದ ಒಂದು ಬಾಗಿಲು ತೆಗೆದು, ಬದಲಾಯಿಸುತ್ತೀರಾ ಅನ್ನುತ್ತಾರೆ. ತೊಂಬತ್ತೊಂಬತ್ತು ಜನ ಆಡಿದರು ಅಂತಿಟ್ಟುಕೊಳ್ಳಿ. ಸುಮಾರು 33 ಜನರದ್ದು ಮೊದಲೇ ಸರಿ, 66 ಜನರದ್ದು ತಪ್ಪು. ಎಲ್ಲರೂ ಬದಲಾಯಿಸಿದರೆ ಆ 66 ಜನ ಗೆಲ್ಲುತ್ತಾರೆ. ಹಾಗಾಗಿ ಬದಲಾಯಿಸುವುದೇ ಲಾಭ.

ಈಗ 2012ರಲ್ಲಿ ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ ಕನ್ನಡದ ಕೋಟ್ಯಾಧಿಪತಿಗೆ ಬನ್ನಿ. ನಾಲ್ಕು ಆಯ್ಕೆ. ಉತ್ತರ ಏನೇನೂ ಗೊತ್ತಿಲ್ಲ, ಮನಸ್ಸಿನಲ್ಲೇ ಒಂದನ್ನು ಹಿಡಿದುಕೊಂಡಿದ್ದೀರಿ. ಎರಡು ತಪ್ಪು ಉತ್ತರ ಹೋಗುತ್ತವೆ. ನಿಮ್ಮದು ಉಳಿದಿದೆ. ಯಾವ ತಪ್ಪುಗಳು ಹೋಗಬೇಕು ಎಂಬುದು ಚೀಟಿ ಎತ್ತಿದ ಹಾಗೆ ಆಗುತ್ತದೆ ಅಂದುಕೊಳ್ಳೋಣ. ನೂರು ಜನ ಹೀಗೆ ಆಡಿದರೆ 25 ಜನರ ಊಹೆ ಸರಿ, ಅದು ಉಳಿದೇ ಉಳಿಯುತ್ತದೆ. 75 ಜನರ ಊಹೆ ತಪ್ಪು. ಮೂರು ತಪ್ಪುಗಳಲ್ಲಿ ಎರಡು ಹೋಗುವುದರಿಂದ, ಇವರಲ್ಲಿ ಮೂರನೇ ಒಂದು ಭಾಗ, ಅಂದರೆ 25 ಜನರ ಊಹೆ ಮಾತ್ರ ಪರದೆಯ ಮೇಲೆ ಉಳಿಯುತ್ತದೆ. ಉಳಿದ 50 ಜನರಲ್ಲಿ 25 ಸರಿ, 25 ತಪ್ಪು. ಅರ್ಧಕ್ಕರ್ಧ. ಬದಲಾಯಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ವ್ಯತ್ಯಾಸ ಎಲ್ಲಿ? ಬಾಗಿಲಿನ ಆಟದಲ್ಲಿ ನಿರೂಪಕರು ನಿಮ್ಮ ಬಾಗಿಲನ್ನು ಮುಟ್ಟುವ ಹಾಗಿಲ್ಲ. ಅದು ಉಳಿದದ್ದರಿಂದ ಹೊಸದೇನೂ ತಿಳಿಯುವುದಿಲ್ಲ. ಕೋಟ್ಯಾಧಿಪತಿಯಲ್ಲಿ ನಿಮ್ಮ ಊಹೆಯೇ ಹೋಗಬಹುದಿತ್ತು, ಹೋಗಲಿಲ್ಲ. ಅಷ್ಟರ ಮಟ್ಟಿಗೆ ಅದರ ಮೇಲೆ ಭರವಸೆ ಹೆಚ್ಚುತ್ತದೆ.

ಆವತ್ತು ಆರ್‌ಸಿಬಿ 18 ರನ್‌ನಿಂದ ಗೆಲ್ಲಬೇಕು ಅಂತ ಟಿವಿಯಲ್ಲಿ ಹೇಗೆ ಹೇಳಿದ್ರು?

2024ರ ಮೇ 18, ಚಿನ್ನಸ್ವಾಮಿ ಕ್ರೀಡಾಂಗಣ. ಆರ್‌ಸಿಬಿ 218 ಹೊಡೆಯಿತು. ಚೆನ್ನೈಗೆ ಗೆಲ್ಲಲು 219 ಬೇಕು, ಆದರೆ ಮುಂದಿನ ಹಂತಕ್ಕೆ ಹೋಗಲು 201 ಸಾಕು. ಇಡೀ ಊರು ಆ 201ನ್ನೇ ನೋಡುತ್ತಿತ್ತು.

ಇದು ನೆಟ್ ರನ್ ರೇಟ್ ಲೆಕ್ಕ. ಟೂರ್ನಿ ಪೂರ್ತಿ ಒಂದು ಓವರಿಗೆ ಸರಾಸರಿ ಎಷ್ಟು ಹೊಡೆದಿರಿ, ಅದರಿಂದ ಸರಾಸರಿ ಎಷ್ಟು ಬಿಟ್ಟುಕೊಟ್ಟಿರಿ ಎಂಬುದನ್ನು ಕಳೆಯುವುದು. ಗೆದ್ದರೆ ಎರಡೂ ತಂಡಕ್ಕೆ 14 ಅಂಕ ಆಗುತ್ತಿತ್ತು, ಆದರೆ ಚೆನ್ನೈ ರನ್ ರೇಟ್ ಮುಂದಿತ್ತು. ಇಬ್ಬರೂ ಎದುರುಬದುರು ಆಡುವಾಗ ಒಂದು ವಿಶೇಷ ಇದೆ: ಆರ್‌ಸಿಬಿಯ ಅಂತರ ಒಂದು ರನ್ ಹೆಚ್ಚಿದರೆ ಅವರ ರೇಟ್ ಏರುತ್ತದೆ, ಚೆನ್ನೈ ರೇಟ್ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಕಂದಕ ಎರಡೂ ಕಡೆಯಿಂದ ತುಂಬುತ್ತದೆ. ಹಾಗಾಗಿ 18 ರನ್ ಸಾಕಾಯಿತು. ಕೊನೆಗೆ ಚೆನ್ನೈ 191ಕ್ಕೆ ನಿಂತಿತು, ಆರ್‌ಸಿಬಿ 0.459, ಚೆನ್ನೈ 0.392. ಕೊನೇ ಓವರಿನ ಮೊದಲ ಎಸೆತಕ್ಕೆ ಧೋನಿ ಸಿಕ್ಸರ್ ಎತ್ತಿದಾಗ ನಮ್ಮ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಕಳೆಯುವ ಲೆಕ್ಕವೇ.

## ಆಳಕ್ಕೆ ಇಳಿಯುವವರಿಗೆ

'ಸಿಂಪ್ಸನ್ಸ್'ನಲ್ಲಿ ಹೋಮರ್ ಫರ್ಮಾನ ಪ್ರಮೇಯ ಸುಳ್ಳು ಮಾಡಿದ್ದಾನಂತೆ. ಕ್ಯಾಲ್ಕುಲೇಟರ್‌ನಲ್ಲಿ ಸರಿ ಬರ್ತಿದೆಯಲ್ಲ?

1998ರ ಒಂದು ಕಂತಿನಲ್ಲಿ ಹೋಮರ್ ಬೋರ್ಡಿನ ಮೇಲೆ ಬರೆಯುತ್ತಾನೆ: 3987ರ 12ನೇ ಘಾತ ಮತ್ತು 4365ರ 12ನೇ ಘಾತ ಕೂಡಿದರೆ 4472ರ 12ನೇ ಘಾತ. ಘಾತ ಎರಡಕ್ಕಿಂತ ಹೆಚ್ಚಿದ್ದರೆ ಹೀಗೆ ಆಗಲು ಸಾಧ್ಯವೇ ಇಲ್ಲ ಎಂಬುದೇ ಫರ್ಮಾನ ಪ್ರಮೇಯ. ಹತ್ತು ಅಂಕಿಯ ಕ್ಯಾಲ್ಕುಲೇಟರ್‌ನಲ್ಲಿ ಎಡಗಡೆಯದನ್ನು ಕೂಡಿ 12ನೇ ಮೂಲ ತೆಗೆದರೆ 4472 ಅಂತಲೇ ಬರುತ್ತದೆ. ನಿಜವಾದ ಉತ್ತರ 4472.000000007 ಹತ್ತಿರ. ಇದು ಬರಹಗಾರ ಡೇವಿಡ್ ಕೋಹೆನ್ ಬೇಕೆಂದೇ ಇಟ್ಟ ಬಲೆ.

ಬಲೆಯಿಂದ ಹೊರಬರಲು ಕ್ಯಾಲ್ಕುಲೇಟರ್ ಬೇಡ. 3987ರ ಅಂಕಿಗಳ ಮೊತ್ತ 27, 4365ರದ್ದು 18. ಎರಡೂ ಮೂರರಿಂದ ಭಾಗವಾಗುತ್ತವೆ. ಹಾಗಾಗಿ ಅವುಗಳ ಘಾತಗಳೂ, ಆ ಘಾತಗಳ ಮೊತ್ತವೂ ಮೂರರಿಂದ ಭಾಗವಾಗಬೇಕು. 4472ರ ಅಂಕಿಗಳ ಮೊತ್ತ 17. ಅದು ಭಾಗವಾಗುವುದಿಲ್ಲ, ಅದರ ಘಾತವೂ ಆಗುವುದಿಲ್ಲ. ಸಮ ಆಗಲು ಸಾಧ್ಯವೇ ಇಲ್ಲ. ಯಂತ್ರ ಸೋತ ಕಡೆ ಐದನೇ ಕ್ಲಾಸಿನ ಪಾಠ ಗೆದ್ದಿತು!

ಕಾರ್ಟೂನ್‌ಗೋಸ್ಕರ ಹೊಸ ಪ್ರಮೇಯವನ್ನೇ ಸಾಧಿಸಿದ್ದಾರೆ ಅಂತ ಕೇಳಿದೆ. ನಿಜಾನಾ?

ನಿಜ. 2010ರಲ್ಲಿ ಬಂದ 'ಫ್ಯೂಚರಾಮ'ದ ಒಂದು ಕಂತು. ಬರೆದವರು ಕೆನ್ ಕೀಲರ್, ಹಾರ್ವರ್ಡ್‌ನಲ್ಲಿ ಅನ್ವಯಿಕ ಗಣಿತದಲ್ಲಿ ಪಿಎಚ್‌ಡಿ ಮಾಡಿದವರು. ಇಬ್ಬರ ಮನಸ್ಸನ್ನು ಅದಲುಬದಲು ಮಾಡುವ ಯಂತ್ರ ಇದೆ. ಒಂದೇ ಜೋಡಿ ದೇಹಗಳ ಮೇಲೆ ಅದು ಎರಡನೇ ಸಲ ಕೆಲಸ ಮಾಡುವುದಿಲ್ಲ. ಎಲ್ಲರ ಮನಸ್ಸೂ ಕಲಸಿಹೋಗಿದೆ. ಮತ್ತೆ ಸರಿ ಮಾಡುವುದು ಹೇಗೆ? ಎಷ್ಟೇ ಜನ ಇರಲಿ, ಹೊಸದಾಗಿ ಇಬ್ಬರನ್ನು ಕರೆತಂದರೆ ಸಾಕು ಎಂಬುದು ಪ್ರಮೇಯ. ಸಾಧನೆ ಪರದೆಯ ಮೇಲೇ ಬರುತ್ತದೆ.

ಚಿಕ್ಕದಾಗಿ ಮಾಡಿ ನೋಡೋಣ. ಅಣ್ಣ, ತಮ್ಮ ಬದಲಾಗಿದ್ದಾರೆ. ಪಕ್ಕದ ಮನೆ ಅಜ್ಜ, ಅಜ್ಜಿಯನ್ನು ಕರೆಯಿರಿ. ಕೆಳಗೆ ಹೆಸರು ಹೇಳಿರುವುದೆಲ್ಲ ದೇಹಗಳದ್ದು.

ಮೊದಲು ಅಣ್ಣ ಮತ್ತು ಅಜ್ಜ ಯಂತ್ರದಲ್ಲಿ ಕೂರಲಿ: ತಮ್ಮನ ಮನಸ್ಸು ಅಜ್ಜನ ದೇಹಕ್ಕೆ ಹೋಯಿತು. ಆಮೇಲೆ ತಮ್ಮ ಮತ್ತು ಅಜ್ಜಿ: ಅಣ್ಣನ ಮನಸ್ಸು ಅಜ್ಜಿಯ ದೇಹಕ್ಕೆ ಹೋಯಿತು. ಈಗ ತಮ್ಮ ಮತ್ತು ಅಜ್ಜ: ತಮ್ಮನ ಮನಸ್ಸು ಅವನ ದೇಹಕ್ಕೇ ಬಂತು. ಅಣ್ಣ ಮತ್ತು ಅಜ್ಜಿ: ಅಣ್ಣನೂ ಸರಿಯಾದ. ಈಗ ಅಜ್ಜನ ದೇಹದಲ್ಲಿ ಅಜ್ಜಿ, ಅಜ್ಜಿಯ ದೇಹದಲ್ಲಿ ಅಜ್ಜ. ಅವರಿಬ್ಬರೂ ಜೊತೆಗೆ ಇನ್ನೂ ಕೂತಿಲ್ಲ, ಆ ಜೋಡಿ ಕೊನೆಗೆ ಕೂರಲಿ. ಐದು ಸಲ, ಯಾವ ಜೋಡಿಯೂ ಎರಡು ಸಲ ಬರಲಿಲ್ಲ. ಮೂರು ಜನ ಕಲಸಿಹೋದರೆ ಹೇಗೆ ಎಂದು ದೇಹಕ್ಕೆ ಐದು ಚೀಟಿ, ಮನಸ್ಸಿಗೆ ಐದು ನಾಣ್ಯ ಇಟ್ಟುಕೊಂಡಾದರೂ ಪ್ರಯತ್ನಿಸಿ.

ಇದರ ಬಗ್ಗೆ ಮಾತಾಡೋರು, ಕೇಳೋರು ಬೆಂಗಳೂರಲ್ಲಿ ಎಲ್ಲಿ ಸಿಗ್ತಾರೆ?

ಹೆಸರಘಟ್ಟ ಕಡೆ ಇರುವ ಐಸಿಟಿಎಸ್ ಎಂಬ ವಿಜ್ಞಾನ ಸಂಶೋಧನಾ ಸಂಸ್ಥೆ 'ಕಾಪಿ ವಿತ್ ಕ್ಯೂರಿಯಾಸಿಟಿ' ಎಂಬ ಸಾರ್ವಜನಿಕ ಉಪನ್ಯಾಸ ನಡೆಸುತ್ತದೆ. ಎಷ್ಟೋ ಉಪನ್ಯಾಸಗಳು ನೆಹರೂ ತಾರಾಲಯದಲ್ಲೇ ಆಗುತ್ತವೆ. ಯಾರು ಬೇಕಾದರೂ ಹೋಗಬಹುದು. ಉಪನ್ಯಾಸಕ್ಕಿಂತ ಅದು ಮುಗಿದ ಮೇಲೆ ಕಾಫಿ ಹಿಡಿದು ನಿಂತವರ ಮಾತು ಇನ್ನೂ ಚೆನ್ನಾಗಿರುತ್ತದೆ. ಸಿನಿಮಾ ಕಡೆಯಿಂದ ಬರುವುದಾದರೆ ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿ ಇದೆ.

ಬಿಎಸ್ಸಿ ಮ್ಯಾಥ್ಸ್ ಓದ್ತಿದ್ದೀನಿ. ಸಿನಿಮಾದಲ್ಲಿ ನನಗೆ ಏನಾದ್ರೂ ಕೆಲಸ ಇದೆಯಾ?

ಇದೆ, ಪರದೆಯ ಹಿಂದೆ. 1982ರ 'ಸ್ಟಾರ್ ಟ್ರೆಕ್' ಚಿತ್ರದಲ್ಲಿ ಲಾರೆನ್ ಕಾರ್ಪೆಂಟರ್ ಬೆಟ್ಟಗುಡ್ಡಗಳನ್ನು ಫ್ರ್ಯಾಕ್ಟಲ್ ಗಣಿತದಿಂದ (ಒಂದೇ ಥರದ ಆಕಾರ ಚಿಕ್ಕದಾಗುತ್ತಾ ಮತ್ತೆ ಮತ್ತೆ ಬರುವುದು) ಮಾಡಿದರು. ಹೊಗೆ, ಮೋಡ, ಅಮೃತಶಿಲೆ ಸಹಜವಾಗಿ ಕಾಣುವ ಹಾಗೆ ಮಾಡಲು ಕೆನ್ ಪರ್ಲಿನ್ ಒಂದು ವಿಧಾನ ಕಂಡುಹಿಡಿದರು, ಅದಕ್ಕೆ 1997ರಲ್ಲಿ ಆಸ್ಕರ್‌ನ ತಾಂತ್ರಿಕ ಪ್ರಶಸ್ತಿ ಬಂತು. ಅನಿಮೇಶನ್ ಸ್ಟುಡಿಯೋ ಪಿಕ್ಸಾರ್‌ನಲ್ಲಿದ್ದ ಎಡ್ ಕ್ಯಾಟ್ಮಲ್ ಮತ್ತು ಪ್ಯಾಟ್ ಹ್ಯಾನ್ರಹಾನ್ ಅವರಿಗೆ ಕಂಪ್ಯೂಟರ್ ವಿಜ್ಞಾನದ 2019ರ ಟ್ಯೂರಿಂಗ್ ಪ್ರಶಸ್ತಿ ಸಿಕ್ಕಿತು. ನಮ್ಮ ಊರಿನಲ್ಲೂ ಅನಿಮೇಶನ್, ವಿಎಫ್‌ಎಕ್ಸ್ ಸ್ಟುಡಿಯೋಗಳು ಇವೆ. ರೇಖೀಯ ಬೀಜಗಣಿತ ಗಟ್ಟಿ ಮಾಡಿಕೊಳ್ಳಿ, ಜೊತೆಗೆ ಪೈಥಾನ್ ಅಥವಾ ಸಿ++ ಕಲಿಯಿರಿ.

ರುಚಿ ನೋಡಬೇಕಾದರೆ ಇವತ್ತೇ ಒಂದು ಚೌಕ ಬರೆಯಿರಿ. ಪ್ರತಿ ಬದಿಯನ್ನು ನಾಲ್ಕು ಸಮಭಾಗ ಮಾಡಿ, ಕಾಲು ಭಾಗಕ್ಕೆ ಒಂದು, ಮುಕ್ಕಾಲು ಭಾಗಕ್ಕೆ ಒಂದು ಗುರುತು ಹಾಕಿ. ಗುರುತುಗಳನ್ನು ಸೇರಿಸಿ ಮೂಲೆ ಕತ್ತರಿಸಿ. ಎಂಟು ಬದಿ ಆಯಿತು. ಆ ಎಂಟಕ್ಕೂ ಹಾಗೇ ಮಾಡಿ, ಹದಿನಾರು. ನಾಲ್ಕನೇ ಸಲಕ್ಕೆ ಎಲ್ಲೂ ಮೂಲೆ ಕಾಣುವುದಿಲ್ಲ. ಇದು 1974ರಲ್ಲಿ ಜಾರ್ಜ್ ಚೈಕಿನ್ ಕೊಟ್ಟ ವಿಧಾನ. ಇದೇ ಯೋಚನೆಯನ್ನು ಗೆರೆಯಿಂದ ಮೇಲ್ಮೈಗೆ ಒಯ್ದು, 1997ರ 'ಗೆರೀಸ್ ಗೇಮ್' ಕಿರುಚಿತ್ರದಲ್ಲಿ ಚೆಸ್ ಆಡುವ ಮುದುಕನ ಮುಖವನ್ನೂ ಕೈಗಳನ್ನೂ ನಯ ಮಾಡಿದರು. ಆಮೇಲೆ ವೃತ್ತ ಬಂತಾ ಅಂತ ಪರೀಕ್ಷಿಸಿ. ನೋಡಲು ವೃತ್ತದ ಹಾಗಿರುತ್ತದೆ, ಆದರೆ ವೃತ್ತ ಅಲ್ಲ. ಯಾಕಲ್ಲ ಎಂದು ಸಾಧಿಸಿ ನನಗೆ ತೋರಿಸಿ.